ತುಕ್ಕಿನ ಮೇಲೆ ಬಣ್ಣ ಬಳಿದರೆ ಯಾರಿಗೆ ಮೋಸ?



ಆಯುಧಪೂಜೆ ಬಂತೆಂದರೆ ನಮ್ಮ ಹಳ್ಳಿಗಳಲ್ಲಿ ಟ್ರ್ಯಾಕ್ಟರಿನ ಟ್ರೇಲರಿಗೂ ಹೊಸ ಬಣ್ಣ ಏರುತ್ತದೆ. ಪಕ್ಕದ ತಗಡುಗಳ ಮೇಲೆ ಹೂಬಳ್ಳಿ, ಮನೆದೇವರ ಹೆಸರು, ಎಲ್ಲವೂ ಚೆಂದವೇ. ಆದರೆ ಬಗ್ಗಿ ಅಡಿಯನ್ನು ನೋಡುವವರು ಎಷ್ಟು ಮಂದಿ? ಭಾರವನ್ನೆಲ್ಲ ಹೊರುವ ಚಾಸಿ ಅಲ್ಲಿ ತುಕ್ಕು ಹಿಡಿದು ಪದರಪದರವಾಗಿ ಉದುರುತ್ತಿರುತ್ತದೆ. ಕೆಲವರು ಆ ತುಕ್ಕಿನ ಮೇಲೆಯೇ ಬಣ್ಣ ಬಳಿಸಿ ಸಮಾಧಾನಪಡುತ್ತಾರೆ. ಇದು ಹುಳು ಬಿದ್ದ ಜೋಳವನ್ನು ಹೊಸ ಚೀಲಕ್ಕೆ ತುಂಬಿದಂತೆ.

ಕಬ್ಬಿಣಕ್ಕೆ ನೀರೂ ಗಾಳಿಯೂ ಸೇರಿ ತಗುಲಿದಾಗ ತುಕ್ಕು ಹುಟ್ಟುತ್ತದೆ. ಅದು ತೇವವನ್ನು ಹಿಡಿದಿಟ್ಟುಕೊಂಡು, ಒಳಗೇ ಉಬ್ಬಿ, ಮೇಲಿನ ಬಣ್ಣವನ್ನು ಎಬ್ಬಿಸಿಬಿಡುತ್ತದೆ. ನಮ್ಮ ಟ್ರೇಲರುಗಳಿಗೆ ಗೊಬ್ಬರದ ಕಾಟ ಬೇರೆ. ಚೀಲದಿಂದ ಉದುರಿದ ಯೂರಿಯಾ, ಪೊಟ್ಯಾಷ್ ಸಂದುಗಳಲ್ಲಿ ಕುಳಿತು ತೇವ ಎಳೆಯುತ್ತವೆ. ಪೊಟ್ಯಾಷಿನಲ್ಲಿರುವ ಕ್ಲೋರೈಡ್ ತುಕ್ಕನ್ನು ಇನ್ನೂ ಬೇಗ ಬೆಳೆಸುತ್ತದೆ. ಆದ್ದರಿಂದ ಗೊಬ್ಬರ ಇಳಿಸಿದ ದಿನವೇ ಟ್ರೇಲರನ್ನು ತೊಳೆದು ಬಿಸಿಲಿಗೆ ನಿಲ್ಲಿಸಿ.

ತುಕ್ಕು ತೆಗೆಯುವ ಕೆಲಸಕ್ಕೆ ಹಬ್ಬವನ್ನು ಕಾಯಬಾರದು. ಮುಂಗಾರಿಗೆ ಮೊದಲೇ, ಬೇಸಿಗೆಯಲ್ಲಿ ಮುಗಿಸಬೇಕೆಂಬುದು ನನ್ನ ಅಭಿಪ್ರಾಯ. ಚಾಸಿಯನ್ನು ತೊಳೆದು ಒಣಗಿಸಿ, ಚಿಕ್ಕ ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ ನೋಡಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ಸವೆದದ್ದರ ಸದ್ದು ಮಂಕು. ಕೊಂಡಿಯ ಹತ್ತಿರ, ಬೆಸುಗೆಯ ಜಾಗಗಳಲ್ಲಿ ವಿಶೇಷ ಗಮನವಿರಲಿ. ತೂತು, ಬಿರುಕು ಕಂಡರೆ ಬಣ್ಣದ ಮಾತೇ ಬೇಡ. ಆ ಭಾಗ ಕತ್ತರಿಸಿ ಹೊಸ ಕಬ್ಬಿಣ ಬೆಸೆಯಿಸಬೇಕು.

ಉಳಿದೆಡೆ ತಂತಿ ಬ್ರಷ್ ಮತ್ತು ಎಮರಿ ಕಾಗದದಿಂದ ಹೊಳೆಯುವ ಕಬ್ಬಿಣ ಕಾಣುವವರೆಗೂ ಉಜ್ಜಿ. ಹಳೆಯ ಬಣ್ಣದ ಪುಡಿಯಲ್ಲಿ ಸೀಸವಿರಬಹುದು. ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಿ, ಮಕ್ಕಳನ್ನು ದೂರವಿಡಿ. ಸೀಮೆಎಣ್ಣೆಯಿಂದ ಒರೆಸಕೂಡದು, ಜಿಡ್ಡು ಉಳಿದರೆ ಬಣ್ಣ ಹಿಡಿಯದು. ಥಿನ್ನರಿನಿಂದ ಒರೆಸಿ, ಅಂದೇ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ. ಅನೇಕರು ಇಲ್ಲಿಗೇ ಕೈಬಿಡುತ್ತಾರೆ. ಪ್ರೈಮರ್ ಒಂದೇ ಮಳೆಯನ್ನು ತಡೆಯಲಾರದು. ಅದು ಒಣಗಿದ ಮೇಲೆ ಎನಾಮಲ್ ಬಣ್ಣವನ್ನು ಎರಡು ಸಲ ಹಚ್ಚಲೇಬೇಕು. ಮೊದಲನೆಯದು ಪೂರ್ತಿ ಒಣಗಿದ ನಂತರವೇ ಎರಡನೆಯದು.

ಇಷ್ಟೆಲ್ಲ ಮಾಡಲು ಯಾರಿಗೆ ಪುರುಸೊತ್ತು ಎನ್ನುವಿರಿ. ಕಬ್ಬು ತುಂಬಿದ ಟ್ರೇಲರಿನ ಚಾಸಿ ನಡುರಸ್ತೆಯಲ್ಲಿ ಮುರಿದರೆ ಕೆಡುವ ದಿನಗಳನ್ನೂ ಲೆಕ್ಕ ಹಾಕಿ. ಬ್ಯಾಂಕಿನ ಕಂತು ಅದಕ್ಕಾಗಿ ಕಾಯುವುದಿಲ್ಲ. ಹಿಂದೆ ಬರುತ್ತಿದ್ದ ಬೈಕಿನವನ ಜೀವಕ್ಕಂತೂ ಬೆಲೆ ಕಟ್ಟುವವರಿಲ್ಲ.

ಈ ಬೇಸಿಗೆಯಲ್ಲಿ ಒಮ್ಮೆ ಟ್ರೇಲರಿನ ಅಡಿಗೆ ಬಗ್ಗಿ ನೋಡಿ. ಹೂಬಳ್ಳಿಯನ್ನು ಹಬ್ಬಕ್ಕೆ ಬರೆಸಿದರಾಯಿತು.