ಚಿಪ್‌ಸೆಟ್ ಬಿಸಿ ಲೆಕ್ಕಕ್ಕಿಲ್ಲ ಎನ್ನುವವರಿಗೆ

ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್‌ನಲ್ಲಿ ಪ್ರೊಸೆಸರ್ ಎಷ್ಟು ಬಿಸಿಯಾಗಿದೆ, ಗ್ರಾಫಿಕ್ಸ್ ಕಾರ್ಡ್ ಎಷ್ಟು ಬಿಸಿಯಾಗಿದೆ ಎಂದು ಎಲ್ಲರೂ ನೋಡುತ್ತಾರೆ. ಮದರ್‌ಬೋರ್ಡಿನ ಚಿಪ್‌ಸೆಟ್ ಮಾತೆತ್ತಿದರೆ ಮಾತ್ರ ‘ಅದಕ್ಕೇನೂ ಆಗಲ್ಲ ಬಿಡಿ’ ಎಂಬ ಉತ್ತರ ಸಿಗುತ್ತದೆ. ಹಾಗೆನ್ನುವವರು ಕೊಡುವ ಕಾರಣಗಳು ಪೂರಾ ಸುಳ್ಳಲ್ಲ, ಅರ್ಧ ನಿಜ. ಅವಕ್ಕೆ ಉತ್ತರ ಕೊಡಬೇಕಾಗಿರುವುದೂ ಅದಕ್ಕೇ. ಉದಾಹರಣೆಗೆ ಎಎಂಡಿಯ ಎಕ್ಸ್570 ಚಿಪ್‌ಸೆಟ್ಟನ್ನು ತೆಗೆದುಕೊಳ್ಳುತ್ತೇನೆ. 2019ರ ಜುಲೈಯಲ್ಲಿ ಬಂದ ಇದರ ಬೋರ್ಡುಗಳು ಇನ್ನೂ ಎಷ್ಟೋ ಮನೆಗಳಲ್ಲಿ ದುಡಿಯುತ್ತಿವೆ.

ಅವರ ಮೊದಲ ವಾದ: ಚಿಪ್‌ಸೆಟ್ ತಿನ್ನುವುದೇ ಹನ್ನೊಂದು ವ್ಯಾಟ್, ಅಷ್ಟರಿಂದ ಏನು ಮಹಾ ಬಿಸಿ? ಅಂಕಿ ಸರಿಯಾಗಿಯೇ ಇದೆ. ಆದರೆ ಅದರ ಹಿಂದಿನ ಎಕ್ಸ್470 ತಿನ್ನುತ್ತಿದ್ದದ್ದು ಹೆಚ್ಚುಕಡಿಮೆ ಅರ್ಧದಷ್ಟು. ಕಾರ್ಡು, ಎಸ್‌ಎಸ್‌ಡಿಗಳನ್ನು ಜೋಡಿಸುವ ಪಿಸಿಐಇ ಹಾದಿಯ 4.0 ಆವೃತ್ತಿ ಬಂದು ಅದರ ಪ್ರತಿ ಲೇನಿನ ವೇಗ ಎರಡು ಪಟ್ಟಾದಾಗ ಬಿಸಿಯೂ ಏರಿತು. ಹಾಗಾಗಿಯೇ ಬಹುತೇಕ ಕಂಪನಿಗಳು ಎಕ್ಸ್570 ಹೀಟ್‌ಸಿಂಕ್ ಮೇಲೆ ಪುಟ್ಟ ಫ್ಯಾನ್ ಕೂರಿಸಿದವು. ತಯಾರಕರೇ ಖರ್ಚು ಮಾಡಿ ಫ್ಯಾನ್ ಹಾಕಿದ ಮೇಲೆ ಬಿಸಿ ಲೆಕ್ಕಕ್ಕಿಲ್ಲ ಎನ್ನುವುದು ಹೇಗೆ?

ಇನ್ನೂ ಮುಖ್ಯವಾದ ಸಂಗತಿ ಬೇರೆಯಿದೆ. ಚಿಪ್‌ಸೆಟ್ಟನ್ನು ಕಾಯಿಸುವುದು ಬಹಳ ಸಲ ಚಿಪ್‌ಸೆಟ್ಟಲ್ಲ, ಅದರ ನೆತ್ತಿಯ ಮೇಲೆ ಕೂತ ಗ್ರಾಫಿಕ್ಸ್ ಕಾರ್ಡ್. ಸಾಮಾನ್ಯವಾಗಿ ಗ್ರಾಫಿಕ್ಸ್ ಕಾರ್ಡಿನ ಹದಿನಾರು ಲೇನುಗಳು ನೇರವಾಗಿ ಪ್ರೊಸೆಸರಿಗೆ ಹೋಗುತ್ತವೆ, ಚಿಪ್‌ಸೆಟ್ ಮೂಲಕ ಹಾಯುವುದಿಲ್ಲ. ಅಂದರೆ ಗೇಮ್ ಆಡುವಾಗ ಚಿಪ್‌ಸೆಟ್‌ಗೆ ಹೆಚ್ಚೇನೂ ಕೆಲಸವಿರುವುದಿಲ್ಲ. ಆದರೂ ಅರ್ಧ ಗಂಟೆ ಆಡಿ ಉಷ್ಣತೆ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶ ತೆರೆದು ನೋಡಿದರೆ ಚಿಪ್‌ಸೆಟ್ಟಿನ ಉಷ್ಣತೆ ಏರಿರುತ್ತದೆ. ಆರ್‌ಟಿಎಕ್ಸ್ 3080ರಂಥ ಕಾರ್ಡ್ 320 ವ್ಯಾಟ್ ಬಿಸಿಯನ್ನು ಕ್ಯಾಬಿನೆಟ್‌ನೊಳಗೇ ಸುರಿಯುತ್ತದೆ. ಚಿಪ್‌ಸೆಟ್ಟಿನ ಫ್ಯಾನ್ ಆ ಕಾರ್ಡಿನ ಅಡಿಯಲ್ಲೇ ಸಿಕ್ಕಿಕೊಂಡಿದ್ದರೆ ಕಾದ ಗಾಳಿಯನ್ನೇ ಎಳೆದು ಮತ್ತೆ ಹೀಟ್‌ಸಿಂಕ್‌ಗೆ ಊದುತ್ತಿರುತ್ತದೆ. ಹನ್ನೊಂದು ವ್ಯಾಟಿನ ಲೆಕ್ಕ ಹೇಳುವವರು ಈ ಮುನ್ನೂರಿಪ್ಪತ್ತನ್ನು ಸೇರಿಸಿ ಮತ್ತೆ ಲೆಕ್ಕ ಹಾಕಲಿ.

‘ನೂರು ಡಿಗ್ರಿ ಹತ್ತಿರ ಹೋದರೂ ತಡೆಯುತ್ತದೆ’ ಎಂಬುದು ಇನ್ನೊಂದು ಮಾತು. ಅರುವತ್ತು, ಎಪ್ಪತ್ತು ಡಿಗ್ರಿಗೆ ಗಾಬರಿಯಾಗಬೇಕಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಆ ಎಪ್ಪತ್ತು ಯಾವ ಕೋಣೆಯದು ಎಂದು ಕೇಳಬೇಕು. ವಿಮರ್ಶಕರು ಬೋರ್ಡುಗಳನ್ನು ಪರೀಕ್ಷಿಸುವುದು ಇಪ್ಪತ್ತೆರಡು, ಇಪ್ಪತ್ತೈದು ಡಿಗ್ರಿಯ ತಂಪು ಕೋಣೆಯಲ್ಲಿ. ಕೋಣೆ ಎಷ್ಟು ಕಾದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಕಾಯುತ್ತದೆ. ಇಪ್ಪತ್ತಮೂರರ ಕೋಣೆಯಲ್ಲಿ ಅರುವತ್ತೈದು ತೋರಿಸಿದ ಚಿಪ್‌ಸೆಟ್, ಮೇ ತಿಂಗಳ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಎ.ಸಿ. ಇಲ್ಲದ ನಲವತ್ತೊಂದರ ಕೋಣೆಯಲ್ಲಿ ಎಂಬತ್ತಮೂರಕ್ಕೆ ಬಂದು ನಿಲ್ಲುತ್ತದೆ. ಅದರ ಮೇಲೆ ಗ್ರಾಫಿಕ್ಸ್ ಕಾರ್ಡಿನ ಕಾವು ಬೇರೆ. ಚಿಪ್ ತಡೆದರೂ ಪಕ್ಕದ ಎಂ.2 ಎಸ್‌ಎಸ್‌ಡಿ ತಡೆಯಬೇಕಲ್ಲ? ಎಷ್ಟೋ ಬೋರ್ಡುಗಳಲ್ಲಿ ಎರಡಕ್ಕೂ ಒಂದೇ ಲೋಹದ ಹೊದಿಕೆ. ಎಸ್‌ಎಸ್‌ಡಿ ಎಪ್ಪತ್ತು, ಎಂಬತ್ತರ ಆಸುಪಾಸಿಗೆ ಬಂದರೆ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ವೇಗಕ್ಕೆಂದೇ ದುಡ್ಡು ಕೊಟ್ಟವರಿಗೆ ಇದು ನೇರ ನಷ್ಟ.

ಕೆಲವರು ಫ್ಯಾನಿನ ಸದ್ದು ಕಾಟವೆಂದು ಅದರ ವೈರನ್ನೇ ಕಿತ್ತಿಡುತ್ತಾರೆ. ಫ್ಯಾನಿಲ್ಲದ ಎಕ್ಸ್570 ಬೋರ್ಡುಗಳೂ ಇವೆಯಲ್ಲ ಎಂಬುದು ಅವರ ಸಮರ್ಥನೆ. ಇವೆ, ನಿಜ. ಗಿಗಾಬೈಟಿನ ಆರಸ್ ಎಕ್ಸ್‌ಟ್ರೀಮ್ ಮೊದಲಿನಿಂದಲೂ ಹಾಗೇ ಇತ್ತು. 2021ರಲ್ಲಿ ಎಕ್ಸ್570ಎಸ್ ಹೆಸರಿನ ಸಾಲೇ ಬಂತು. ಆದರೆ ಅವುಗಳ ಹೀಟ್‌ಸಿಂಕ್ ನೋಡಿ: ಬೋರ್ಡಿನ ಕೆಳಭಾಗದ ತುಂಬ ಹರಡಿದ ದಪ್ಪ ಲೋಹ. ಫ್ಯಾನನ್ನು ನಂಬಿ ಮಾಡಿದ ಚಿಕ್ಕ ಹೀಟ್‌ಸಿಂಕ್‌ನಿಂದ ಫ್ಯಾನ್ ಕಿತ್ತರೆ ಅದು ದೊಡ್ಡದಾಗುವುದಿಲ್ಲ. ಸದ್ದು ಬೇಡವೆಂದರೆ ಬಯೋಸ್‌ನಲ್ಲಿ ಸೈಲೆಂಟ್ ಪ್ರೊಫೈಲ್ ಆರಿಸಿ. ಪುಟ್ಟ ಫ್ಯಾನ್ ಬೇಗ ಕೆಡುತ್ತದೆ ಎಂಬ ಭಯಕ್ಕೆ ಮಾತ್ರ ಆಧಾರವಿದೆ. ಎನ್‌ಫೋರ್ಸ್4 ಎಂಬ ಹಳೆಯ ಚಿಪ್‌ಸೆಟ್ಟಿನ ಕಾಲದ ಬೋರ್ಡುಗಳಲ್ಲಿ ಅದನ್ನು ಹಲವರು ಅನುಭವಿಸಿದ್ದಾರೆ. ಕಿತ್ತುಹಾಕುವುದು ಅದಕ್ಕೆ ಮದ್ದಲ್ಲ. ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ಆಗಾಗ ತೆಗೆಯಿರಿ. ಬ್ಲೋವರ್ ಹಿಡಿಯುವುದಾದರೆ ರೆಕ್ಕೆಯನ್ನು ಬೆರಳಿನಿಂದ ತಡೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಸೈಡ್ ಪ್ಯಾನೆಲ್ ತೆಗೆದಿಟ್ಟರೆ ಸಾಕು ಎನ್ನುವವರಿಗೆ ನನ್ನ ಉತ್ತರ: ಒಂದು ಗಂಟೆ ತೆಗೆದಿಟ್ಟು ನೋಡಿ. ಉಷ್ಣತೆ ಸರ್ರನೆ ಇಳಿದರೆ ಕ್ಯಾಬಿನೆಟ್‌ನೊಳಗೆ ಹೊರಗಾಳಿ ಬರುತ್ತಿಲ್ಲವೆಂದು ಖಾತ್ರಿಯಾಯಿತು. ಇಷ್ಟು ತಿಳಿಯಲು ಅದು ಒಳ್ಳೆಯ ಪರೀಕ್ಷೆ. ವರ್ಷವಿಡೀ ತೆರೆದಿಟ್ಟರೆ ಧೂಳು, ಜಿರಳೆ, ಮಗುವಿನ ಕೈ ಎಲ್ಲವೂ ಒಳಗೆ ಹೋಗುತ್ತವೆ.

ಹೀಟ್‌ಸಿಂಕ್ ಬಿಚ್ಚಿ ದುಬಾರಿ ಥರ್ಮಲ್ ಪೇಸ್ಟ್ ಹಚ್ಚುವ ಸಲಹೆಯಂತೂ ಅಪಾಯದ್ದು. ಚಿಪ್ಪಿಗೂ ಹೀಟ್‌ಸಿಂಕ್‌ಗೂ ನಡುವಿನ ಸಂದು ತುಂಬಲು ಅಲ್ಲಿ ಪ್ಯಾಡ್ ಇರುವ ಬೋರ್ಡುಗಳಿವೆ. ಆ ದಪ್ಪದ ಜಾಗದಲ್ಲಿ ತೆಳು ಪೇಸ್ಟ್ ಬಳಿದರೆ ಲೋಹ ಚಿಪ್ಪಿಗೆ ತಾಗುವುದೇ ಇಲ್ಲ. ಪ್ಯಾಡ್ ಒಣಗಿದ್ದರೆ ಅದೇ ದಪ್ಪದ ಹೊಸ ಪ್ಯಾಡ್ ಹಾಕಬೇಕು, ಅದೂ ವಾರಂಟಿ ಮುಗಿದ ಮೇಲೆ.

ಹೊಸ ಬೋರ್ಡುಗಳಿಗೆ ಈ ಪಾಡಿಲ್ಲ ಎನ್ನುತ್ತಾರೆ. 2022ರ ಎಕ್ಸ್670ಇಯಲ್ಲಿ ಕೆಲಸವನ್ನು ಎರಡು ಚಿಪ್ಪುಗಳಿಗೆ ಹಂಚಿದ್ದಾರೆ, ಬಿಸಿಯೂ ಹಂಚಿಹೋಗಿದೆ. ಒಳ್ಳೆಯ ವಿನ್ಯಾಸವೇ. ಆದರೆ ಅದೇ ವರ್ಷ ಬಂದ ಆರ್‌ಟಿಎಕ್ಸ್ 4090 ಕಾರ್ಡಿನದು 450 ವ್ಯಾಟ್.

ಹಾಗಾದರೆ ಮಾಡುವುದೇನು? ಕ್ಯಾಬಿನೆಟ್ ಮುಂಭಾಗದ ಕೆಳಗಡೆ ಗಾಳಿ ಒಳಗೆಳೆಯುವ ಒಂದು 120 ಮಿ.ಮೀ. ಫ್ಯಾನ್ ಹಾಕಿ. ಅದರ ಗಾಳಿ ಗ್ರಾಫಿಕ್ಸ್ ಕಾರ್ಡಿನ ಅಡಿಯಿಂದ ಚಿಪ್‌ಸೆಟ್ ಕಡೆಗೆ ಹಾಯಬೇಕು. ಸಾವಿರ ರೂಪಾಯಿಯೊಳಗೆ ಸಿಗುವ ವಸ್ತು ಅದು. ಎಸ್‌ಎಸ್‌ಡಿ ಒಂದೇ ಇದ್ದರೆ ಪ್ರೊಸೆಸರಿಗೆ ನೇರ ಸೇರುವ ಮೇಲಿನ ಸ್ಲಾಟಿನಲ್ಲಿ ಕೂರಿಸಿ, ಚಿಪ್‌ಸೆಟ್ಟಿನ ಹೊರೆ ಇಳಿಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಜೋಡಿಸಿಕೊಂಡರೂ ಸರಿ, ನಿಮ್ಮೂರಿನ ಅಂಗಡಿಯಲ್ಲಾದರೂ ಸರಿ, ದುಡ್ಡು ಕೊಡುವ ಮೊದಲು ಅರ್ಧ ಗಂಟೆ ಗೇಮ್ ಓಡಿಸಿ ಚಿಪ್‌ಸೆಟ್ ಉಷ್ಣತೆ ತೋರಿಸಿ ಎಂದು ಕೇಳಿ. ತೋರಿಸಲು ಒಪ್ಪದವರ ಕೈಯಲ್ಲಿ ಮಷೀನು ಜೋಡಿಸಿಕೊಳ್ಳಬೇಡಿ.