ಜರಡಿ ಅನ್ನಿಸಿಕೊಂಡ ಗೋಲಿಗೆ

ಕನಕಪುರದಿಂದ ಒಂದು ಕಾಗದ ಬಂದಿದೆ. ಈ ಅಂಕಣಕ್ಕೆ ಬರೋ ಕಾಗದಗಳು ಹೇಗಿರ್ತವೆ ಅಂತ ನಿಮಗೇ ಗೊತ್ತು. ಯಾವ ಹೀರೋ ಎತ್ತರ ಎಷ್ಟು, ಯಾವ ಪಿಕ್ಚರ್ ನೂರು ದಿನ ಓಡಿದ್ದು ಸುಳ್ಳು, ಮಾಗಡಿಯಲ್ಲಿ ಮೊದಲ ದಿನದ ಮೊದಲ ಆಟಕ್ಕೆ ಬ್ಲ್ಯಾಕ್ ಟಿಕೆಟ್ ಎಷ್ಟಾಯ್ತು... ಇಂಥವೇ. ಇದು ಹಾಗಲ್ಲ.

'ಅಣ್ಣಾ, ನಾನು ಕಾಲೇಜಿನ ಫುಟ್‌ಬಾಲ್ ಟೀಮಿನ ಗೋಲಿ. ಮೂರು ತಿಂಗಳ ಹಿಂದೆ ನಮ್ಮಪ್ಪ ಗೂಡು ಹಾಕಿಕೊಂಡು ರಾಮನಗರದ ಮಾರ್ಕೆಟ್‌ಗೆ ಹೋದವರು ವಾಪಸ್ ಬರಲಿಲ್ಲ, ಅಲ್ಲೇ ಎದೆ ಹಿಡ್ಕೊಂಡು ಹೋಗಿಬಿಟ್ರು. ಆಮೇಲಿಂದ ಬಾಲ್ ಕೈಗೆ ನಿಲ್ತಾ ಇಲ್ಲ. ನಾಲ್ಕು ಮ್ಯಾಚಲ್ಲಿ ಹನ್ನೊಂದು ಗೋಲು ಬಿಟ್ಟಿದೀನಿ. ಹುಡುಗರು ಲೋ ಜರಡಿ ಅಂತ ಕರೀತಾರೆ. ಹಿಂದಿನ ವರ್ಷ ಇವರೇ ಹೆಗಲ ಮೇಲೆ ಕೂರಿಸಿಕೊಂಡು ಮೆರೆಸಿದ್ರು. ಭಾನುವಾರ ಚನ್ನಪಟ್ಟಣದವರ ಮೇಲೆ ಮ್ಯಾಚಿದೆ. ಆಡಲೋ ಬೇಡವೋ?'

ಸಿನಿಮಾ ಪತ್ರಿಕೆಗೆ ಯಾಕಪ್ಪಾ ಬರೆದೆ ಅಂತ ಕೇಳೋಣ ಅಂದುಕೊಂಡೆ. ಕಾಗದದ ತುದಿಯಲ್ಲಿ ಅದಕ್ಕೂ ಉತ್ತರ ಇತ್ತು. 'ಅಪ್ಪು ಬಾಸ್ ಹೋದಾಗ ನಿಮ್ಮ ಅಂಕಣ ಓದಿ ಅತ್ತಿದ್ದೆ, ಅದಕ್ಕೆ.' ಸರಿ ತಮ್ಮಾ. ಹಾಗಾದ್ರೆ ಕಂಠೀರವ ಸ್ಟೇಡಿಯಮ್ಮಿನಿಂದಲೇ ಶುರು ಮಾಡ್ತೀನಿ.

ನಮ್ಮ ಕಡೆಯವರಿಗೆ ಕಂಠೀರವ ಸ್ಟೇಡಿಯಂ ಅಂದ್ರೆ ಎರಡು ಸಾವು ನೆನಪಿಗೆ ಬರುತ್ತೆ. 2006ರ ಏಪ್ರಿಲ್‌ನಲ್ಲಿ ಅಣ್ಣಾವ್ರು. 2021ರ ಅಕ್ಟೋಬರ್‌ನಲ್ಲಿ ಅಪ್ಪು. ಇಬ್ಬರನ್ನೂ ಜನ ಕೊನೆಯ ಸಲ ನೋಡಿದ್ದು ಅಲ್ಲೇ. ಅಪ್ಪು ಹೋದ ದಿನ ನಾನೂ ರಾಮನಗರದಲ್ಲಿ ಸಿಕ್ಕ ಬಸ್ಸಿನ ಫುಟ್‌ಬೋರ್ಡ್ ಹಿಡಿದು ಹೋಗಿ ಆ ಸಾಲಲ್ಲಿ ನಿಂತವನು. ಅದೇ ಹುಲ್ಲಿನ ಮೇಲೆ ಅದಕ್ಕೂ ಮೊದಲು ಇನ್ನೊಬ್ಬ ಪ್ರಾಣ ಬಿಟ್ಟಿದ್ದ ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ?

2004ರ ಡಿಸೆಂಬರ್ 5, ಭಾನುವಾರ. ಫೆಡರೇಷನ್ ಕಪ್ ಫೈನಲ್. ಗೋವಾದ ಡೆಂಪೊ ಒಂದು ಕಡೆ, ಕಲ್ಕತ್ತಾದ ಮೋಹನ್ ಬಾಗಾನ್ ಇನ್ನೊಂದು ಕಡೆ. ಡೆಂಪೊಗೆ ಬ್ರೆಜಿಲ್‌ನಿಂದ ಬಂದ ಕ್ರಿಸ್ಟಿಯಾನೊ ಜೂನಿಯರ್ ಆಡ್ತಿದ್ದ. ಹಿಂದಿನ ಸೀಸನ್ನಿನಲ್ಲಿ ಈಸ್ಟ್ ಬೆಂಗಾಲ್ ಪರ ಗೋಲುಗಳ ಮಳೆ ಸುರಿಸಿ, ರಾಷ್ಟ್ರೀಯ ಲೀಗಿನಲ್ಲೇ ಅತಿ ಹೆಚ್ಚು ಗೋಲು ಹೊಡೆದವನು ಅನ್ನಿಸಿಕೊಂಡಿದ್ದ. ಅವತ್ತೂ ಒಂದು ಹೊಡೆದಿದ್ದ. ಎರಡನೆಯದಕ್ಕೆ ನುಗ್ಗಿದ. ಎದುರಿಗೆ ಬಾಗಾನ್‌ನ ಗೋಲಿ ಮುಂದೆ ಓಡಿ ಬಂದ. ಬಾಲ್ ಗೋಲಿನೊಳಕ್ಕೆ ಹೋಯ್ತು, ಇಬ್ಬರೂ ಡಿಕ್ಕಿ ಹೊಡೆದರು. ಕ್ರಿಸ್ಟಿಯಾನೊ ಬಿದ್ದ. ಮತ್ತೆ ಏಳಲಿಲ್ಲ. ಇಪ್ಪತ್ತೈದು ವರ್ಷ ಕಣ್ರೀ, ಅಷ್ಟೇ. ಹೃದಯ ನಿಂತು ಸತ್ತ ಅಂತ ಆಮೇಲೆ ತಿಳಿಯಿತು. ಮೈದಾನದಲ್ಲಿ ವೈದ್ಯಕೀಯ ಏರ್ಪಾಡು ಏನೇನೂ ಸಾಲದಾಗಿತ್ತು ಅಂತ ದೊಡ್ಡ ಕೂಗೆದ್ದಿತು. ಎರಡು ಸೊನ್ನೆಯಲ್ಲಿ ಡೆಂಪೊ ಕಪ್ ಗೆದ್ದಿತು. ಎರಡೂ ಗೋಲು ಸತ್ತವನದೇ!

ಈಗ ಆ ಗೋಲಿಯ ವಿಷಯಕ್ಕೆ ಬರ್ತೀನಿ. ಹೆಸರು ಸುಬ್ರತ ಪಾಲ್. ಇನ್ನೂ ಹದಿಹರೆಯದ ಹುಡುಗ. ಅಂದ್ರೆ ತಮ್ಮಾ, ನಿನ್ನ ವಯಸ್ಸು.

ಮಾರನೆಯ ದಿನ ನಾನು ಟೀ ಅಂಗಡಿಯ ಬೆಂಚಿನ ಮೇಲೆ ಪೇಪರ್ ಬಿಡಿಸಿಕೊಂಡು ಕೂತಿದ್ದೆ. ಫೋಟೋ ನೋಡಿ ಏನಂದೆ ಗೊತ್ತಾ? 'ಕೊಂದುಬಿಟ್ಟನಲ್ಲೋ ಬಡ್ಡಿಮಗ' ಅಂದೆ. ಪಕ್ಕದವರೂ ಹೌದು ಅಂದ್ರು. ಮ್ಯಾಚ್ ನೋಡಿರಲಿಲ್ಲ, ಆ ಹುಡುಗ ಯಾರು ಅಂತ ಗೊತ್ತಿರಲಿಲ್ಲ. ಒಂದು ಟೀ ಮುಗಿಯೋದರೊಳಗೆ ತೀರ್ಪು ಕೊಟ್ಟಾಗಿತ್ತು. ಇದನ್ನ ಇಷ್ಟು ವರ್ಷ ಎಲ್ಲೂ ಬರೆದಿರಲಿಲ್ಲ, ಇವತ್ತು ಬರೀತಿದೀನಿ.

ಫುಟ್‌ಬಾಲ್ ಫೆಡರೇಷನ್ ಆ ಹುಡುಗನನ್ನ ಕೆಲಕಾಲ ಆಡದಂತೆ ಅಮಾನತು ಮಾಡಿತು. ಅದು ಮುಗಿದರೂ ಗೋಲ್‌ಪೋಸ್ಟ್ ಮುಂದೆ ಮತ್ತೆ ನಿಲ್ಲಬೇಕಲ್ಲ? ಗೋಲಿಯ ಕೆಲಸ ನಿನಗೆ ಗೊತ್ತು, ಬೇರೆ ಓದುಗರಿಗೆ ಹೇಳ್ತೀನಿ ಕೇಳಿ. ಫಾರ್ವರ್ಡ್ ಆಟಗಾರ ಹತ್ತು ಸಲ ಹೊರಗೆ ಒದ್ದು ಒಂದು ಸಲ ಒಳಗೆ ಒದ್ದರೆ ಅವನು ಹೀರೋ. ಗೋಲಿ ಹತ್ತು ಹಿಡಿದು ಒಂದು ಬಿಟ್ಟರೆ ಆ ಒಂದು ಬೋರ್ಡ್ ಮೇಲೆ ಬರುತ್ತೆ. ಎದುರಾಳಿ ಒಂಟಿಯಾಗಿ ನುಗ್ಗಿದಾಗ ಮುಂದೆ ಹೋಗಬೇಕೋ ಗೆರೆ ಮೇಲೇ ನಿಲ್ಲಬೇಕೋ ಅನ್ನೋದನ್ನ ಕಣ್ಣು ರೆಪ್ಪೆ ಹೊಡೆಯೋದರಲ್ಲಿ ತೀರ್ಮಾನ ಮಾಡಬೇಕು. ರಾತ್ರಿ ನಿದ್ದೆ ಇಲ್ಲದವನಿಗೆ, ಮನಸ್ಸು ಇನ್ನೆಲ್ಲೋ ಇರುವವನಿಗೆ ಅರ್ಧ ಕ್ಷಣ ತಡ ಆಗುತ್ತೆ. ಆ ಅರ್ಧ ಕ್ಷಣವೇ ಗೋಲು. ನಿನ್ನ ಹನ್ನೊಂದೂ ಅಲ್ಲೇ ಹೋಗಿರೋದು ಅಂತ ನನ್ನ ಲೆಕ್ಕ. ಕೈಯಲ್ಲೇನೂ ದೋಷ ಇಲ್ಲ ಮರಿ. ಇನ್ನು ಸುಬ್ರತನಿಗೋ, ಮುಂದೆ ಓಡಿ ಹೋಗಿದ್ದಕ್ಕೇ ಒಂದು ಜೀವ ಹೋಗಿತ್ತು. ಆಮೇಲೂ ಮುಂದೆ ಓಡಬೇಕಿತ್ತು, ಅದೇ ಅವನ ಕೆಲಸ!

ಓಡಿದ. ಒಂದೇ ದಿನದಲ್ಲಲ್ಲ. ಕ್ಲಬ್ ಬದಲಾಯಿಸಿದ, ಈಸ್ಟ್ ಬೆಂಗಾಲ್‌ಗೆ ಹೋದ, ಆಮೇಲೆ ಪುಣೆಗೆ. ಐದು ವರ್ಷ ಹಿಡೀತು. 2009ರ ಆಗಸ್ಟ್ 31, ದೆಹಲಿ, ನೆಹರೂ ಕಪ್ ಫೈನಲ್, ಎದುರಾಳಿ ಸಿರಿಯಾ. ಆಟ ಸಮ ಆಗಿ ಪೆನಾಲ್ಟಿಗೆ ಬಂತು. ಅಲ್ಲಿ ಸಿರಿಯಾದವರ ಮೂರು ಒದೆತ ತಡೆದು ಕಪ್ ಗೆಲ್ಲಿಸಿದವನು ಇದೇ ಸುಬ್ರತ. 2011ರಲ್ಲಿ ಕತಾರ್‌ನ ದೋಹಾದಲ್ಲಿ ಏಷ್ಯನ್ ಕಪ್. ಇಪ್ಪತ್ತೇಳು ವರ್ಷದ ಮೇಲೆ ಭಾರತ ಅಲ್ಲಿಗೆ ಹೋಗಿತ್ತು. ಆಸ್ಟ್ರೇಲಿಯಾ ನಾಲ್ಕು, ಬಹ್ರೇನ್ ಐದು, ದಕ್ಷಿಣ ಕೊರಿಯಾ ನಾಲ್ಕು. ಮೂರು ಮ್ಯಾಚಿಗೆ ಹದಿಮೂರು ಗೋಲು ಬಿಟ್ಟ ನಮ್ಮ ಗೋಲಿ. ನಿಮ್ಮ ಹುಡುಗರ ಲೆಕ್ಕದಲ್ಲಿ ಇವನೂ ಜರಡಿನೇ ತಾನೇ? ಆದರೆ ಕೊರಿಯಾದವರ ಮೇಲೆ ಅವನು ಒಂದರ ಮೇಲೊಂದು ಹಾರಿ ತಡೆದದ್ದು ನೋಡಿ ಅವನಿಗೆ ಸ್ಪೈಡರ್‌ಮ್ಯಾನ್ ಅಂತ ಹೆಸರು ಬಿತ್ತು. 2014ರಲ್ಲಿ ಡೆನ್ಮಾರ್ಕ್‌ನ ಕ್ಲಬ್ಬಿಗೆ ಸೇರಿದ. 2016ರಲ್ಲಿ ಅರ್ಜುನ ಪ್ರಶಸ್ತಿ. 2023ರ ಡಿಸೆಂಬರ್‌ನಲ್ಲಿ ಆಟ ನಿಲ್ಲಿಸಿದ.

ಇನ್ನೊಂದು ಕಡೆಯೂ ಉಂಟು. ಗೆಳೆಯನನ್ನ ಕಳಕೊಂಡ ಡೆಂಪೊ ಹುಡುಗರು ಅದೇ ಸೀಸನ್ನಿನಲ್ಲಿ ರಾಷ್ಟ್ರೀಯ ಲೀಗ್ ಗೆದ್ದರು, ಮೊದಲ ಸಲ. ದುಃಖ ಒಬ್ಬನ ಕಾಲು ಕಟ್ಟುತ್ತೆ, ಇನ್ನೊಬ್ಬನ ಕಾಲಿಗೆ ಕಿಚ್ಚು ಹಚ್ಚುತ್ತೆ. ಯಾರಿಗೆ ಯಾವುದು ಅಂತ ಮೊದಲೇ ಹೇಳೋಕೆ ನಾನೇನು ಕಣಿ ಹೇಳುವವನಲ್ಲ.

ಆಟ ಚೆನ್ನಾಗಿದೆ ಅಂದಮಾತ್ರಕ್ಕೆ ಮನಸ್ಸು ಚೆನ್ನಾಗಿದೆ ಅಂತಲೂ ಅಲ್ಲ. ಜರ್ಮನಿಯಲ್ಲಿ ರಾಬರ್ಟ್ ಎಂಕೆ ಅಂತ ಒಬ್ಬ ಗೋಲಿ ಇದ್ದ, ಹ್ಯಾನೋವರ್ ಟೀಮಿನವನು. 2006ರಲ್ಲಿ ಎರಡು ವರ್ಷದ ಮಗಳು ಹೃದಯದ ಕಾಯಿಲೆಯಿಂದ ತೀರಿಕೊಂಡಳು. ಕೆಲವೇ ದಿನಕ್ಕೆ ಮೈದಾನಕ್ಕಿಳಿದ. ಎಂಥಾ ಗಟ್ಟಿ ಗಂಡಸು ಅಂತ ಜನ ಚಪ್ಪಾಳೆ ತಟ್ಟಿದರು. ದೇಶದ ಟೀಮಿಗೂ ಆಡಿದ. ಒಳಗೊಳಗೇ ಖಿನ್ನತೆ ತಿಂತಾ ಇತ್ತು, ಗೊತ್ತಾದರೆ ಹೆಸರು ಹೋಗುತ್ತೆ ಅಂತ ಮುಚ್ಚಿಟ್ಟ. 2009ರ ನವೆಂಬರ್‌ನಲ್ಲಿ ಜೀವ ಕಳಕೊಂಡ. ಅವನ ಹೆಂಡತಿ ಮರುದಿನವೇ ಪತ್ರಿಕೆಯವರ ಮುಂದೆ ಕೂತು ಎಲ್ಲಾ ಹೇಳಿದರು. ಆ ಹೆಣ್ಣುಮಗಳ ಧೈರ್ಯಕ್ಕೆ ಕೈಮುಗೀತೀನಿ.

ನಮ್ಮವರ ವಿಷಯಕ್ಕೇ ಬರೋಣ. ಅಪ್ಪು ಹೋದ ದಿನವೇ ಶಿವಣ್ಣನ 'ಭಜರಂಗಿ 2' ಬಿಡುಗಡೆ ಆಗಿದ್ದು. ಬೆಳಿಗ್ಗೆ ಪಟಾಕಿ, ಮಧ್ಯಾಹ್ನ ಅಳು. ಆ ಪಿಕ್ಚರ್ ಗತಿ ಏನಾಯ್ತು ಅಂತ ಲೆಕ್ಕ ಹಾಕುವವರಿಗೆ ನಾನು ಹೇಳೋದು ಇಷ್ಟೇ: ಅವತ್ತು ಯಾವನಿಗೆ ಟಿಕೆಟ್ ಬೇಕಿತ್ತು? ಆಮೇಲೆ 2022ರ ಮಾರ್ಚ್ 17ಕ್ಕೆ ಅಪ್ಪು ಹುಟ್ಟುಹಬ್ಬದ ದಿನ 'ಜೇಮ್ಸ್' ಬಂತಲ್ಲ, ಅದಕ್ಕೆ ದನಿ ಕೊಟ್ಟಿದ್ದು ಶಿವಣ್ಣ. ಕತ್ತಲೆ ಕೋಣೆಯಲ್ಲಿ ಮೈಕ್ ಮುಂದೆ ನಿಂತು, ಪರದೆ ಮೇಲೆ ತಮ್ಮನ ತುಟಿ ಅಲ್ಲಾಡೋದನ್ನೇ ನೋಡ್ತಾ, ಅದಕ್ಕೆ ತನ್ನ ಮಾತು ಕೂಡಿಸಬೇಕು. ಒಂದು ಸಲ ತಪ್ಪಿದರೆ ಅದೇ ತುಣುಕು ಮತ್ತೆ ಹಾಕ್ತಾರೆ. ಮತ್ತೆ ತಮ್ಮ ನಗ್ತಾನೆ, ಮತ್ತೆ ಅಣ್ಣ ಮಾತಾಡಬೇಕು. ನಾನು ಪಿಕ್ಚರ್ ನೋಡೋವಾಗ ಪಕ್ಕದ ಸೀಟಿನವನು 'ದನಿ ಮ್ಯಾಚ್ ಆಗ್ತಿಲ್ಲ ಗುರೂ' ಅಂದ. ಅವನಿಗೆ ನಾನೇನೂ ಅನ್ನಲಿಲ್ಲ. ಟೀ ಅಂಗಡಿ ಬೆಂಚು ನೆನಪಾಯ್ತು.

ಆಡಲೋ ಬೇಡವೋ ಅಂತ ಕೇಳಿದೀಯ. ಆಡು ಅಂತ ನಾನು ಹೇಳಲ್ಲ. ಎರಡು ಮ್ಯಾಚ್ ಬೇರೆ ಹುಡುಗ ನಿಂತರೆ ಆಕಾಶ ಬೀಳಲ್ಲ. ಅಪ್ಪನ ವಿಷಯ ನಿನ್ನ ಟೀಮಿನವರಿಗೆ ನೀನಾಗಿ ಬಾಯಿಬಿಟ್ಟು ಹೇಳಿದೀಯಾ? ಕಾಗದದಲ್ಲಿ ಅದಿಲ್ಲ. ತಿಥಿ ಊಟಕ್ಕೆ ಬಂದವರಿಗೂ ನಿನಗೆ ನಿದ್ದೆ ಬರ್ತಿಲ್ಲ ಅನ್ನೋದು ಗೊತ್ತಿರಲ್ಲ ಕಣಯ್ಯ. ಅಮ್ಮನ ಹತ್ರ ಆಗದಿದ್ದರೆ ಪಿ.ಟಿ. ಮೇಷ್ಟ್ರ ಹತ್ರ ಹೇಳು. ಅದೂ ಆಗದಿದ್ದರೆ ಸರ್ಕಾರದ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡ್ತಾರೆ, ಕಾಸಿಲ್ಲ. ನಾಚಿಕೆ ಪಟ್ಕೋಬೇಡ.

ಇನ್ನು ಜರಡಿ ಅಂತ ಕರೆಯೋ ಗೆಳೆಯರೇ, ನೀವೂ ಈ ಪತ್ರಿಕೆ ಕೊಳ್ಳುವವರೇ ಅಂತ ಗೊತ್ತು. ಕನಕಪುರ ಬಸ್ ಸ್ಟ್ಯಾಂಡಿನಲ್ಲಿ ಒಂದು ಕಾಪಿ ತಗೊಂಡು ಆರು ಜನ ಓದ್ತೀರಿ. ಇದನ್ನೂ ಓದಿ.

ಭಾನುವಾರ ನಾನು ಚನ್ನಪಟ್ಟಣಕ್ಕೆ ಬರ್ತಿದೀನಿ. ನೀನು ಆಡಿದರೆ ಗೋಲ್‌ಪೋಸ್ಟ್ ಹಿಂದೆ ನಿಂತಿರ್ತೀನಿ, ಆಡದಿದ್ದರೆ ಹೊರಗೆ ಕಡ್ಲೆಕಾಯಿ ಗಾಡಿ ಹತ್ರ ಸಿಗು. ಗುರುತಿಗೆ ಕೈಯಲ್ಲಿ ಈ ವಾರದ ಸಂಚಿಕೆ ಇರುತ್ತೆ.