ಹಾಸಿಗೆ ಹಾಸುವವರು ಯಾರು?

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದ್ದೇನೆ. ಮಿತವ್ಯಯದ ಮಹತ್ವವನ್ನು ಕುರಿತು ಮಕ್ಕಳು ಪುಟ ತುಂಬ ಬರೆಯುತ್ತಿದ್ದರು. ಆದರೆ ಆ ಹಾಸಿಗೆಯನ್ನು ಹಾಸುವವರು ಯಾರು, ಬೆಳಗಾದ ಮೇಲೆ ಮಡಚಿಡುವವರು ಯಾರು ಎಂಬ ಪ್ರಶ್ನೆಯನ್ನು ಗಾದೆಯೂ ಕೇಳುವುದಿಲ್ಲ, ಉತ್ತರಪತ್ರಿಕೆಗಳೂ ಕೇಳಲಿಲ್ಲ. ಕಳೆದ ಚಳಿಗಾಲದಲ್ಲಿ ನಾವು ದಂಪತಿಗಳು ಕಡಲದಂಡೆಯ ಐಷಾರಾಮಿ ಹೋಟೆಲೊಂದರಲ್ಲಿ ಎರಡು ರಾತ್ರಿ ಇದ್ದು ಬಂದೆವು. ಆ ಪ್ರಶ್ನೆಯನ್ನು ಕುರಿತು ನಾಲ್ಕು ಮಾತು ಬರೆಯಲು ಅದೇ ಪ್ರೇರಣೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರವಾಸವೊಂದು ದುಂದುಗಾರಿಕೆಯೋ ಅಲ್ಲವೋ ಎಂಬುದನ್ನು ಕೋಣೆಯ ಬಾಡಿಗೆಯಿಂದ ಮಾತ್ರ ಅಳೆಯಬಾರದು. ಆ ದಿನಗಳಲ್ಲಿ ಮನೆಯ ಹೆಣ್ಣುಮಗಳ ಕೈಗೆ ಬಿಡುವು ದೊರೆಯಿತೇ ಎಂಬುದನ್ನೂ ನೋಡಬೇಕು. ಈ ಅಳತೆಯಿಂದ ನೋಡಿದರೆ ನಮ್ಮ ಭಾಗದ ಬಹುಪಾಲು ಸ್ತ್ರೀಯರು ಜೀವಮಾನದಲ್ಲಿ ಒಂದು ಪ್ರವಾಸವನ್ನೂ ಮಾಡಿಲ್ಲ.

ಮದುವೆಯಾಗಿ ನಲವತ್ತು ವರ್ಷ ತುಂಬಿತೆಂದು ಮಗ-ಸೊಸೆ ಈ ಏರ್ಪಾಡು ಮಾಡಿದ್ದರು. ಸುದ್ದಿ ತಿಳಿದ ಬಂಧುಗಳಲ್ಲಿ ಕೆಲವರು ನಕ್ಕರು. “ಈ ವಯಸ್ಸಿನ್ಯಾಗ ಗೋವಾಕ್ಕ ಹೋಗಿ ಏನ್ ಮಾಡ್ತೀರಿ? ಪಂಢರಪುರಕ್ಕರ ಹೋಗಿ ಬರ್ರಿ” ಎಂದರು. ಪಂಢರಪುರಕ್ಕೆ ನಾನು ಹೋಗಿದ್ದೇನೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ, ಶ್ರೀಶೈಲಕ್ಕೆ, ಕೂಡಲಸಂಗಮಕ್ಕೂ ಹೋಗಿದ್ದೇನೆ. ಭಕ್ತಿಗೆ ಅಲ್ಲಿ ಕೊರತೆಯಿರಲಿಲ್ಲ. ಆದರೆ ಆ ಯಾತ್ರೆಗಳ ಪೂರ್ವಸಿದ್ಧತೆಯನ್ನು ಬಲ್ಲವರು ಬಲ್ಲರು. ಎರಡು ದಿನ ಮೊದಲೇ ಕಟಕ ರೊಟ್ಟಿ ಬಡಿಯಬೇಕು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕುಟ್ಟಬೇಕು. ಬುತ್ತಿಗಂಟು ಕಟ್ಟಬೇಕು. ಎಲ್ಲಮ್ಮನ ಗುಡ್ಡದಲ್ಲಿ ಇಳಿದೊಡನೆ ಗಂಡಸರು ಮರದ ನೆರಳು ಹುಡುಕುತ್ತಾರೆ, ಹೆಂಗಸರು ಒಲೆ ಹೂಡಲು ಕಲ್ಲು ಹುಡುಕುತ್ತಾರೆ. ಹೋಳಿಗೆ, ಕಡಬು ಎಲ್ಲವೂ ಅಲ್ಲಿಯೇ ಆಗಬೇಕು. ಊರಿಗೆ ಮರಳಿದ ಮೇಲೆ ಮೈಲಿಗೆ ಬಟ್ಟೆಯ ರಾಶಿ ಕಾದಿರುತ್ತದೆ. ನಮ್ಮಲ್ಲಿ ಯಾತ್ರೆಯೆಂದರೆ ಅಡುಗೆಮನೆಯನ್ನು ಒಂದೂರಿನಿಂದ ಇನ್ನೊಂದೂರಿಗೆ ಹೊತ್ತೊಯ್ಯುವುದು.

2023ರ ಜೂನ್ 11ರಂದು ರಾಜ್ಯದಲ್ಲಿ ‘ಶಕ್ತಿ’ ಯೋಜನೆ ಆರಂಭವಾದಾಗ ಜಮಖಂಡಿಯ ಬಸ್ ನಿಲ್ದಾಣದಲ್ಲಿ ಹೆಂಗಸರ ಗುಂಪುಗಳನ್ನು ಕಂಡು ಹಿಗ್ಗಿದವಳು ನಾನು. ಟಿಕೆಟ್ಟಿಗಾಗಿ ಗಂಡನ ಮುಂದೆ ಕೈಯೊಡ್ಡದೆ ಧರ್ಮಸ್ಥಳಕ್ಕೆ ಹೊರಟ ಮುದುಕಿಯರನ್ನು ನಾನೇ ಮಾತನಾಡಿಸಿದ್ದೇನೆ. ಸರ್ಕಾರ ಆಸನವನ್ನು ಕೊಟ್ಟಿತು; ತೊಡೆಯ ಮೇಲಿನ ಬುತ್ತಿಗಂಟನ್ನು ಇಳಿಸುವ ಕೆಲಸ ಮಾತ್ರ ಮನೆಯವರಿಗೇ ಉಳಿಯಿತು.

ಮುಧೋಳ, ಬೆಳಗಾವಿ, ಚೋರ್ಲಾ ಘಾಟಿನ ಮಾರ್ಗವಾಗಿ ನಾವು ಗೋವೆಯನ್ನು ತಲುಪಿದೆವು. ನಾವು ಉಳಿದದ್ದು ಅಗುವಾದ ಕೋಟೆಗೆ ಸಮೀಪದ ದಂಡೆಯಲ್ಲಿ. ಪೋರ್ಚುಗೀಸರು ಡಚ್ಚರ ಮತ್ತು ಮರಾಠರ ಭಯದಿಂದ 1612ರಲ್ಲಿ ಕಟ್ಟಿದ ಕೋಟೆಯದು. ಅವರ ಭಾಷೆಯಲ್ಲಿ ‘ಅಗುವಾ’ ಎಂದರೆ ನೀರು. ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ಸಾಗಿ ಬಂದ ಹಡಗುಗಳು ಇಲ್ಲಿ ನಿಂತು ಸಿಹಿನೀರು ತುಂಬಿಸಿಕೊಳ್ಳುತ್ತಿದ್ದುದರಿಂದ ಆ ಹೆಸರು ಬಂದಿತು. ಕೋಟೆಯೊಳಗಿನ ದೊಡ್ಡ ನೀರಿನ ತೊಟ್ಟಿಯನ್ನು ಈಗಲೂ ನೋಡಬಹುದು. ಈ ದಂಡೆಯಲ್ಲಿ 1970ರ ದಶಕದಲ್ಲಿ ದೊಡ್ಡ ಹೋಟೆಲು ಬಂದಿತು. 1983ರಲ್ಲಿ ಕಾಮನ್‌ವೆಲ್ತ್ ರಾಷ್ಟ್ರಗಳ ನಾಯಕರು ದೆಹಲಿಯ ಸಮ್ಮೇಳನದ ನಡುವೆ ವಿಶ್ರಾಂತಿಗೆಂದು ಗೋವೆಗೇ ಬಂದಿದ್ದರು. ದಣಿದವರು ನಿಂತು ನೀರು ಕುಡಿಯುವ ಊರೆಂಬ ಖ್ಯಾತಿ ಅದಕ್ಕೆ ನಾನೂರು ವರ್ಷಗಳದು.

ಹೋಟೆಲಿನ ವೈಭವವನ್ನು ವರ್ಣಿಸುವ ಮನಸ್ಸು ನನಗಿಲ್ಲ. ಅಮೃತಶಿಲೆಯ ನೆಲ, ಈಜುಕೊಳ, ತೆಂಗಿನ ತೋಪು ಎಲ್ಲವೂ ಚಿತ್ರಗಳಲ್ಲಿ ಇರುವಂತೆಯೇ ಇದ್ದವು. ಕೃಷ್ಣೆ, ಘಟಪ್ರಭೆಯರ ನೀರನ್ನು ನೋಡಿ ಬೆಳೆದ ನಮಗೆ ಸಮುದ್ರ ದೊಡ್ಡ ಅಚ್ಚರಿಯೇ ಸರಿ. ನಮ್ಮ ಯಜಮಾನರು ಮೊದಲ ಸಂಜೆ ಅದನ್ನು ಬಹಳ ಹೊತ್ತು ನೋಡುತ್ತ ಕುಳಿತರು. ನಾನು ನೋಡಿದ್ದು ನನ್ನ ಮುಂದಿಟ್ಟ ಚಹದ ಬಟ್ಟಲನ್ನು. ಅದನ್ನು ನಾನು ಕುದಿಸಿರಲಿಲ್ಲ, ಸೋಸಿರಲಿಲ್ಲ, ಕುಡಿದ ಮೇಲೆ ತೊಳೆಯುವ ಹಂಗೂ ಇರಲಿಲ್ಲ. ನೌಕರಿಯಲ್ಲಿದ್ದಾಗ ಬೆಳಗಿನ ರೊಟ್ಟಿ ಮುಗಿಸಿ ಹತ್ತು ಗಂಟೆಯ ಪ್ರಾರ್ಥನೆಗೆ ಓಡುತ್ತಿದ್ದೆ. ಸಂಜೆ ಐದಕ್ಕೆ ಶಾಲೆ ಬಿಟ್ಟರೆ ಮತ್ತೆ ಒಲೆಯ ಮುಂದೆ. ನಿವೃತ್ತಿ ದೊರೆತದ್ದು ಶಾಲೆಯಿಂದ ಮಾತ್ರ. ಆ ಎರಡು ದಿನ “ನಾಳೆ ಏನು ಮಾಡಲಿ?” ಎಂಬ ಚಿಂತೆಯಿಲ್ಲದೆ ಮಲಗಿದೆ. ಬೆಳಿಗ್ಗೆ ಎದ್ದಾಗ ಯಜಮಾನರೊಂದಿಗೆ ಮಾತನಾಡಲು ನನಗೆ ಮಾತುಗಳಿದ್ದವು. ದಾಂಪತ್ಯದಲ್ಲಿ ಮಾತು ಕಡಿಮೆಯಾಗುವುದಕ್ಕೆ ವಯಸ್ಸು ಕಾರಣವೆಂದು ಜನ ತಿಳಿದಿದ್ದಾರೆ. ಒಬ್ಬರು ಸದಾ ಅಡುಗೆಮನೆಯಲ್ಲಿ, ಇನ್ನೊಬ್ಬರು ಸದಾ ಪಡಸಾಲೆಯಲ್ಲಿ ಇರುವುದೂ ಒಂದು ಕಾರಣವೆಂದು ನನ್ನ ಎಣಿಕೆ.

ಹೋಟೆಲಿನ ಬಿಲ್ಲು ಒಂದು ಪಾಠದ ಪುಸ್ತಕವಿದ್ದಂತೆ. ಅದರಲ್ಲಿ ಚಹಕ್ಕೆ ಇಷ್ಟು, ಊಟಕ್ಕೆ ಇಷ್ಟು, ಬಟ್ಟೆ ಒಗೆದುದಕ್ಕೆ ಇಷ್ಟು ಎಂದು ಪ್ರತಿಯೊಂದಕ್ಕೂ ಬೆಲೆ ನಮೂದಾಗಿರುತ್ತದೆ. ದಿನಕ್ಕೆ 7,500 ರೂಪಾಯಿ ಮೀರಿದ ಬಾಡಿಗೆಯ ಕೋಣೆಯಾದರೆ ಶೇ. 18ರಷ್ಟು ಜಿಎಸ್‌ಟಿಯೂ ಸೇರುತ್ತದೆ. ಇದೇ ಕೆಲಸಗಳು ಮನೆಯಲ್ಲಿ ನಡೆದಾಗ ಯಾವ ಲೆಕ್ಕಕ್ಕೂ ಬರುವುದಿಲ್ಲ, ದೇಶದ ವರಮಾನದ ಲೆಕ್ಕಕ್ಕೂ ಬರುವುದಿಲ್ಲ. ಒಬ್ಬಾತ ತನ್ನ ಮನೆಗೆಲಸದವಳನ್ನೇ ಮದುವೆಯಾದರೆ ರಾಷ್ಟ್ರೀಯ ವರಮಾನ ಕಡಿಮೆಯಾಗುತ್ತದೆ ಎಂಬ ವಿಚಿತ್ರವನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಪಿಗೂ ನೂರು ವರ್ಷಗಳ ಹಿಂದೆಯೇ ತೋರಿಸಿದ್ದ. ಕೆಲಸ ಅದೇ, ಮಾಡುವವಳೂ ಅವಳೇ. ಸಂಬಳ ನಿಂತದ್ದರಿಂದ ಲೆಕ್ಕ ನಿಂತಿತು.

ನಮ್ಮ ದೇಶದಲ್ಲಿ 2019ರಲ್ಲಿ ನಡೆದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗುವ ಸ್ತ್ರೀಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಪುರುಷರು 97 ನಿಮಿಷ. ಸುಪ್ರೀಂ ಕೋರ್ಟು 2021ರ ಜನವರಿಯಲ್ಲಿ ರಸ್ತೆ ಅಪಘಾತದ ಪರಿಹಾರದ ಪ್ರಕರಣವೊಂದರಲ್ಲಿ ಈ ಅಂಕಿಗಳನ್ನೇ ಉದ್ಧರಿಸಿ, ಗೃಹಿಣಿಯ ದುಡಿಮೆಗೂ ಆದಾಯವನ್ನು ಕಲ್ಪಿಸಿ ಲೆಕ್ಕ ಹಾಕಬೇಕೆಂದು ಎತ್ತಿ ಹಿಡಿಯಿತು. ನ್ಯಾಯ ಸರಿಯಾದದ್ದೇ. ಆದರೆ ಹೆಣ್ಣುಮಗಳು ಸತ್ತ ಮೇಲೆ ಹಾಕುವ ಲೆಕ್ಕವನ್ನು ಆಕೆ ಬದುಕಿರುವಾಗಲೇ ಮನೆಯವರು ಒಮ್ಮೆ ಹಾಕಿ ನೋಡಬಾರದೇ? ರಬಕವಿ-ಬನಹಟ್ಟಿಯ ಮನೆಗಳಲ್ಲಿ ಮಗ್ಗದ ಮೇಲೆ ಕುಳಿತವನು ನೇಕಾರ. ಅವನಿಗೆ ಕಂಡಿಕೆ ಸುತ್ತಿಕೊಡುವವಳು ‘ಮನೆಯಲ್ಲೇ ಇರುವವಳು’. ಮುಧೋಳದ ಕಬ್ಬಿನ ಹೊಲಕ್ಕೆ ಬುತ್ತಿ ಹೊತ್ತು ನಡೆಯುವವಳ ಕಥೆಯೂ ಇದೇ.

ನಮಗೆ ದೊರೆತ ಬಿಡುವು ಆಕಾಶದಿಂದ ಇಳಿದದ್ದಲ್ಲ ಎಂಬುದನ್ನೂ ಹೇಳಬೇಕು. ಎರಡನೆಯ ದಿನ ಕೋಣೆ ಸ್ವಚ್ಛಗೊಳಿಸಲು ಬಂದ ಹೆಣ್ಣುಮಗಳು ನಮ್ಮ ಮಾತು ಕೇಳಿ, “ಬಾಯಾರ, ನೀವು ನಮ್ಮ ಕಡೀದವ್ರೇನ್ರಿ?” ಎಂದಳು. ಬೀಳಗಿ ತಾಲೂಕಿನವಳು. ಊರು ಕೃಷ್ಣೆಯ ಹಿನ್ನೀರಿಗೆ ಹೋದ ಮೇಲೆ ಗಂಡನೊಡನೆ ದುಡಿಯಲು ಬಂದವಳು. ನಾನು ಮಾಸ್ತರಿಕೆ ಮಾಡಿದವಳೆಂದು ತಿಳಿದೊಡನೆ ‘ಬಾಯಾರ’ ಹೋಗಿ ‘ಅಕ್ಕೋರ’ ಆದೆ. ಹಾಸಿಗೆಯ ಚಾದರವನ್ನು ಸುಕ್ಕಿಲ್ಲದಂತೆ ಎಳೆಯುತ್ತ ಆಕೆ ಹೇಳಿದ್ದು ಇಷ್ಟು: “ಇಲ್ಲಿ ಹಾಸಿದ್ರ ಪಗಾರ ಕೊಡ್ತಾರ್ರಿ, ಅಕ್ಕೋರ. ಮನೀಗಿ ಹೋಗಿ ಮತ್ತ ಹಾಸ್ಬೇಕು, ಅದಕ್ಕ ಯಾರ್ ಕೊಡ್ತಾರ್ರಿ?” ಆಕೆ ನಗುತ್ತಲೇ ಹೇಳಿದಳು. ನನಗೆ ನಗಲಾಗಲಿಲ್ಲ.

ಗೋವೆಯ ಕಟ್ಟಡಗಳಲ್ಲಿ, ಹೋಟೆಲುಗಳಲ್ಲಿ, ಮೀನಿನ ಬಂದರುಗಳಲ್ಲಿ ನಮ್ಮ ಉತ್ತರ ಕರ್ನಾಟಕದವರ ಬೆವರು ಬಹಳವಿದೆ. ಅದೇ ಸಮುದ್ರದ ಇನ್ನೊಂದು ದಂಡೆಯಾದ ವಾಸ್ಕೋದ ಬೈನಾದಲ್ಲಿ ನೆಲೆಸಿದ್ದ ಕನ್ನಡಿಗ ಕುಟುಂಬಗಳ ಮನೆಗಳನ್ನು 2017ರ ಸೆಪ್ಟೆಂಬರಿನಲ್ಲಿ ನೆಲಸಮ ಮಾಡಲಾಯಿತು. ಅಂಥ ದಂಡೆಯಲ್ಲಿ ಎರಡು ರಾತ್ರಿ ಸುಖವಾಗಿ ಮಲಗಿ ಬಂದವರು, ಹಾಸಿಗೆ ಹಾಸಿದವರ ಹೆಸರನ್ನಾದರೂ ಕೇಳಿ ಬರುವುದು ಕನಿಷ್ಠ ಸೌಜನ್ಯ.

“ಇಷ್ಟು ಹಣ ಯಾರ ಹತ್ತಿರ ಇರುತ್ತದೆ?” ಎಂದು ನೀವು ಕೇಳಬಹುದು. ಯೋಗ್ಯವಾದ ಪ್ರಶ್ನೆ. ಎಲ್ಲರೂ ದೊಡ್ಡ ಹೋಟೆಲಿಗೆ ಹೋಗಿರೆಂದು ನಾನು ಹೇಳುತ್ತಿಲ್ಲ. ನಾವೂ ಮತ್ತೊಮ್ಮೆ ಹೋಗುವ ಯೋಚನೆಯಲ್ಲಿಲ್ಲ. ಅಲ್ಲಿ ಹಣ ಕೊಟ್ಟು ಪಡೆದ ಬಿಡುವನ್ನು ಮನೆಯವರು ಮನಸ್ಸು ಮಾಡಿದರೆ ಖರ್ಚಿಲ್ಲದೆ ಕೊಡಬಹುದು. ಶ್ರೀಶೈಲಕ್ಕೆ ಹೊರಟಾಗ ಬುತ್ತಿಯ ಬದಲು ಖಾನಾವಳಿಯ ಊಟವಾಗಲಿ, ಮಠದ ದಾಸೋಹವಾಗಲಿ. ಜಾತ್ರೆಗೆ ಬೀಗರು ಬಂದ ದಿನ ಗಂಡಸರು ಬಡಿಸಲಿ, ಹೆಂಗಸರು ಮೊದಲ ಪಂಕ್ತಿಯಲ್ಲಿ ಕೂಡಲಿ. ಕಾಯಕದಲ್ಲಿ ಮೇಲು-ಕೀಳಿಲ್ಲವೆಂದು ಸಾರಿದ ಶರಣರ ನಾಡು ನಮ್ಮದು. ರೊಟ್ಟಿ ಬಡಿಯುವ ಕಾಯಕಕ್ಕೆ ವಾರಕ್ಕೊಂದು ರಜೆ ಕೊಟ್ಟರೆ ಶರಣರು ಬೇಡವೆನ್ನಲಾರರು.

ನನ್ನ ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಮಾತು. ಬೆಂಗಳೂರು, ಪುಣೆಗಳಲ್ಲಿ ಒಳ್ಳೆಯ ಸಂಬಳದಲ್ಲಿರುವವರು ತಂದೆ-ತಾಯಿಯನ್ನು ಎಲ್ಲಿಗಾದರೂ ಕಳುಹಿಸುವಾಗ ಇಬ್ಬರನ್ನೇ ಕಳುಹಿಸಿರಿ. ಮೊಮ್ಮಕ್ಕಳನ್ನು ಜೊತೆಗೆ ಕೊಟ್ಟರೆ ಅವ್ವನಿಗೆ ಅದು ಊರು ಬದಲಾದ ನೌಕರಿಯಾಗುತ್ತದೆ. ಊರಲ್ಲೇ ಇರುವವರು ಬರುವ ರವಿವಾರ ಅವ್ವನಿಗಿಂತ ಮೊದಲು ಎದ್ದು ಚಹ ಕಾಯಿಸಿರಿ. ರುಚಿ ಹೇಗೇ ಇರಲಿ, ಆಕೆ ಕುಳಿತು ಬಿಸಿಬಿಸಿಯಾಗಿ ಕುಡಿದರೆ ಸಾಕು.